ಮೂರು ಮಿಲಿಮೀಟರ್ ಗಿಡ್ಡವಾದ ಕಿಟಕಿ ಬಾಗಿಲು ಮತ್ತು ನಾಲ್ಕು ಟೇಪುಗಳ ಪರೀಕ್ಷೆ

ಕಟಪಾಡಿಯಲ್ಲಿರುವ ನಮ್ಮ ಹಂಚಿನ ಮನೆಯ ಪಡುದಿಕ್ಕಿನ ಮೂರು ಕಿಟಕಿಗಳ ಬಾಗಿಲುಗಳು ಕಡಲ ಗಾಳಿಗೂ ಮಳೆಯ ಎರಚಲಿಗೂ ಸಿಕ್ಕಿ ಕೆಳಗಿನಿಂದ ಕುಂಬಾಗಿದ್ದವು. ಹಿತ್ತಿಲಲ್ಲಿ ಬಿದ್ದ ಹಲಸಿನ ಮರವನ್ನು ಐದು ವರ್ಷಗಳ ಹಿಂದೆ ಸೀಳಿಸಿ ಅಟ್ಟದ ಮೇಲೆ ಒಣಗಲು ಇಟ್ಟಿದ್ದೆನಾದ್ದರಿಂದ ಮರಕ್ಕೆ ಹುಡುಕಾಟ ಇರಲಿಲ್ಲ. ಒಟ್ಟು ಆರು ಬಾಗಿಲುಗಳು ಬೇಕಿದ್ದವು. ಅಳತೆ ತೆಗೆಯುವುದು, ಮರಳು ಕಾಗದದಲ್ಲಿ ಉಜ್ಜುವುದು ಮತ್ತು ಬಣ್ಣ ಬಳಿಯುವುದು ನನ್ನ ಪಾಲು; ಕೊಯ್ಯುವುದು ಮತ್ತು ಜೋಡಿಸುವುದು ಉದ್ಯಾವರದಲ್ಲಿ ಶೆಡ್ಡು ಇಟ್ಟುಕೊಂಡಿರುವ ಆಚಾರ್ಯರ ಪಾಲು ಎಂದು ಮಾತಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನ್ನ ಅಳತೆಯಲ್ಲಿ ತಪ್ಪಿರಲಾರದು ಎಂಬ ವಿಶ್ವಾಸ ಆಚಾರ್ಯರಿಗೆ ಎಷ್ಟಿತ್ತೋ ನನಗೂ ಅಷ್ಟೇ ಇತ್ತು.

ಮೊದಲ ಜೋಡಿ ಬಾಗಿಲುಗಳನ್ನು ಜೂನ್ ತಿಂಗಳ ಎರಡನೆಯ ವಾರದಲ್ಲಿ ತಂದು ದಾರಂದಕ್ಕೆ, ಅಂದರೆ ಕಿಟಕಿಯ ಚೌಕಟ್ಟಿಗೆ, ಇಟ್ಟು ನೋಡಿದೆವು. ಮೇಲಿನ ಅಂಚು ಸರಿಯಾಗಿ ಕೂತಿತು, ಬಿಜಾಗರಿಗಳೂ ಸರಿಯಾಗಿ ಬಂದವು. ಕೆಳಗೆ ಮಾತ್ರ ಒಂದು ನಾಣ್ಯ ತೂರಬೇಕಾದ ಸಂದಿನಲ್ಲಿ ಎರಡು ನಾಣ್ಯ ಸಲೀಸಾಗಿ ತೂರುತ್ತಿದ್ದವು. ಎರಡೂ ಬಾಗಿಲುಗಳು ಒಂದೇ ಪ್ರಮಾಣದಲ್ಲಿ ಗಿಡ್ಡವಾಗಿದ್ದವು.

“ಮಳೆಗೆ ಮರ ಎಳ್ದದ್ದಿರ್ಬೇಕು ಮಾಷ್ಟ್ರೇ,” ಎಂದರು ಆಚಾರ್ಯರು.

“ಮಳೆಗೆ ಮರ ಉಬ್ಬುದಲ್ವಾ ಆಚಾರ್ರೇ, ಗಿಡ್ಡ ಆಗುದು ಹೇಗೆ?” ಎಂದೆ.

ಅವರು ಉತ್ತರ ಕೊಡದೆ ಬಾಗಿಲನ್ನು ಒಮ್ಮೆ ತಿರುಗಿಸಿ ನೋಡಿದರು. ಅವರಿಗೂ ಗೊತ್ತಿರುವ ಸಂಗತಿಯೇ ಇದು: ಮರವು ತೇವಕ್ಕೆ ಉಬ್ಬುವುದೂ ಒಣಗಿ ಕುಗ್ಗುವುದೂ ಎಳೆಗೆ ಅಡ್ಡಲಾಗಿ; ಎಳೆಯ ಉದ್ದಕ್ಕೆ ಆಗುವ ಬದಲಾವಣೆ ಲೆಕ್ಕಕ್ಕೆ ಬರುವಷ್ಟಿಲ್ಲ. ಬಾಗಿಲಿನ ಎತ್ತರವನ್ನು ನಿರ್ಧರಿಸುವ ಉದ್ದ ಪಟ್ಟಿಗಳಲ್ಲಿ ಎಳೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಅಗಲದಲ್ಲಿ ವ್ಯತ್ಯಾಸ ಬಂದಿದ್ದರೆ ಮಳೆಯನ್ನು ದೂರಬಹುದಿತ್ತು. ಎತ್ತರದಲ್ಲಿ ಬಂದುದಕ್ಕೆ ಅಳತೆಯನ್ನೇ ದೂರಬೇಕು. ಹೀಗೆ ಸಂಶಯ ಟೇಪಿನ ಮೇಲೆ ಬಂತು.

ನನ್ನದು ಎಂಟು ವರ್ಷ ಬಳಸಿದ 5 ಮೀಟರಿನ ಟೇಪು. ಆಚಾರ್ಯರದು 3 ಮೀಟರಿನದು. ಅದರ ಮೇಲಿನ ಹಳದಿ ಬಣ್ಣ ಸವೆದು ಯಾವ ಕಂಪನಿಯದೆಂದು ಗುರುತು ಸಿಗುತ್ತಿರಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಎಳೆದು ಹಿಡಿದಾಗ ಗೆರೆಗಳು ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವು. ಅಲ್ಲಿಗೇ ಬಿಟ್ಟಿದ್ದರೆ ಟೇಪುಗಳೆರಡೂ ನಿರಪರಾಧಿಗಳೆಂದು ತೀರ್ಮಾನವಾಗುತ್ತಿತ್ತು. ಆದರೆ ಬಡಗಿ ಕೆಲಸದಲ್ಲಿ ಯಾರೂ ಟೇಪನ್ನು ಹಾಗೆ ಬಳಸುವುದಿಲ್ಲ; ತುದಿಯ ಕೊಕ್ಕೆಯನ್ನು ಮರದ ಅಂಚಿಗೆ ಸಿಕ್ಕಿಸಿ ಎಳೆಯುತ್ತಾರೆ, ಇಲ್ಲವೇ ಕೊಕ್ಕೆಯನ್ನು ಗೋಡೆಗೆ ಅಥವಾ ದಾರಂದಕ್ಕೆ ಒತ್ತುತ್ತಾರೆ. ಹಾಗಾಗಿ ಪರೀಕ್ಷೆಯನ್ನೂ ಕೊಕ್ಕೆಯ ಮೂಲಕವೇ ಮಾಡಬೇಕು.

ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವ ತಂಗಿಯ ಮಗನಿಂದ 1 ಮೀಟರಿನ ಉಕ್ಕಿನ ಸ್ಕೇಲು ಮತ್ತು ವರ್ನಿಯರ್ ಕ್ಯಾಲಿಪರನ್ನು ಎರಡು ದಿನಕ್ಕೆ ಎರವಲು ತಂದೆ. ಉಕ್ಕಿನ ಸ್ಕೇಲಿನ ಗುಣವೇನೆಂದರೆ ಅದರ ತುದಿಯೇ ಸೊನ್ನೆ. ಅಲ್ಲಾಡುವ ಭಾಗ ಒಂದೂ ಇಲ್ಲ. ಒಂದು ಹಲಸಿನ ಹಲಗೆಯ ತುದಿಯನ್ನು ಕೀಸುಳಿಯಿಂದ ನೇರ ಮಾಡಿ, ಮೂಲೆಮಟ್ಟ ಇಟ್ಟು ಪರಿಶೀಲಿಸಿ, ಸ್ಕೇಲಿನ ತುದಿಯನ್ನು ಆ ಅಂಚಿಗೆ ಸಮನಾಗಿ ಹಿಡಿದು 100 ಮಿ.ಮೀ. ಮತ್ತು 1000 ಮಿ.ಮೀ. ಸ್ಥಳಗಳಲ್ಲಿ ಚೂರಿಯಿಂದ ಎರಡು ಗೆರೆ ಕೊರೆದೆ. ಪೆನ್ಸಿಲ್ ಗೆರೆಗೇ ಅರ್ಧ ಮಿಲಿಮೀಟರ್ ದಪ್ಪ ಇರುವುದರಿಂದ ಇಲ್ಲಿ ಅದು ಉಪಯೋಗಕ್ಕೆ ಬಾರದು. ಇಷ್ಟಾದ ಮೇಲೆ ಪ್ರತಿ ಟೇಪಿಗೂ ಮೂರು ಪರೀಕ್ಷೆ: ಕೊಕ್ಕೆಯನ್ನು ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದು ದೂರದ ಗೆರೆಯನ್ನು ಓದುವುದು, ಅದೇ ಅಂಚಿಗೆ ಒಂದು ಮರದ ತುಂಡನ್ನು ತಡೆಯಾಗಿ ಬಿಗಿದು ಕೊಕ್ಕೆಯನ್ನು ಅದಕ್ಕೆ ಒತ್ತಿ ಮತ್ತೆ ಓದುವುದು, ಕೊನೆಯದಾಗಿ ಕೊಕ್ಕೆಯ ಗೊಡವೆಯೇ ಇಲ್ಲದೆ ಎರಡು ಗೆರೆಗಳ ನಡುವಿನ 900 ಮಿ.ಮೀ. ಅನ್ನು ಓದುವುದು.

ಕೊಕ್ಕೆ ಅಲ್ಲಾಡುವುದನ್ನು ಕಂಡು ಟೇಪೇ ಹಾಳಾಗಿದೆ ಎಂದು ತಿಳಿಯುವವರು ಈಗಲೂ ಇದ್ದಾರೆ. ನಾನೇ ಹಿಂದೊಮ್ಮೆ ಹಾಗೆ ತಿಳಿದಿದ್ದೆ. ಅದು ಬೇಕೆಂದೇ ಇಟ್ಟ ಸಡಿಲು. ಎಳೆದಾಗ ಕೊಕ್ಕೆಯ ಒಳಮೈ ಮರಕ್ಕೆ ತಾಗುತ್ತದೆ, ಒತ್ತಿದಾಗ ಹೊರಮೈ ತಾಗುತ್ತದೆ. ಇವೆರಡರ ನಡುವೆ ಇರುವುದು ಕೊಕ್ಕೆಯ ತಗಡಿನ ದಪ್ಪ. ಕೊಕ್ಕೆ ತನ್ನ ದಪ್ಪದಷ್ಟೇ ಹಿಂದೆ ಮುಂದೆ ಸರಿದರೆ ಎರಡೂ ಬಗೆಯ ಅಳತೆಯಲ್ಲಿ ಸೊನ್ನೆ ಸರಿಯಾದ ಜಾಗದಲ್ಲಿ ಬರುತ್ತದೆ. ಸಡಿಲು ದಪ್ಪಕ್ಕಿಂತ ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು.

ನನ್ನ ಟೇಪಿನ ಕೊಕ್ಕೆಯ ದಪ್ಪ ವರ್ನಿಯರಿನಲ್ಲಿ 1 ಮಿ.ಮೀ. ಬಂತು. ಆದರೆ ಅದು ಸರಿಯುತ್ತಿದ್ದುದು ಎರಡೂವರೆ ಮಿ.ಮೀ. ಕೊಕ್ಕೆಯನ್ನು ಟೇಪಿನ ಪಟ್ಟಿಗೆ ಸೇರಿಸುವ ರಿವೆಟ್ಟಿನ ತೂತುಗಳನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅವು ದುಂಡಗೆ ಉಳಿಯದೆ ಹುಣಿಸೆ ಬೀಜದಂತೆ ಉದ್ದವಾಗಿದ್ದವು. ಅದಕ್ಕೆ ಕಾರಣ ನಾನೇ. ಅಳತೆ ಮುಗಿದೊಡನೆ ಬೆರಳು ಬಿಟ್ಟು ಟೇಪನ್ನು ‘ಚಟ್’ ಎಂದು ಒಳಗೆ ಹಾರಿಸುವ ಚಟ ನನಗೆ ಬಹಳ ಕಾಲದಿಂದ ಇದೆ. ಹಾಗೆ ಹಾರಿದಾಗ ಕೊಕ್ಕೆ ಪೆಟ್ಟಿಗೆಯ ಬಾಯಿಗೆ ಬಡಿದು ನಿಲ್ಲುತ್ತದೆ, ಪಟ್ಟಿ ಮಾತ್ರ ಇನ್ನೂ ಒಳಗೆ ಓಡಲು ನೋಡುತ್ತದೆ. ಪ್ರತಿಯೊಂದು ಬಡಿತವೂ ತೂತನ್ನು ಒಂದೇ ದಿಕ್ಕಿಗೆ ಎಳೆಯುತ್ತದೆ. ಪರಿಣಾಮವಾಗಿ ಒತ್ತಿ ಅಳೆದರೆ ನನ್ನ ಟೇಪು ಸರಿಯಾಗಿ 1000 ತೋರಿಸುತ್ತಿತ್ತು, ಸಿಕ್ಕಿಸಿ ಅಳೆದರೆ 998.5.

ಆಚಾರ್ಯರ ಟೇಪಿನದು ಬೇರೆಯೇ ಕತೆ. ಅದು ಅಟ್ಟಣಿಗೆಯ ಮೇಲಿಂದ ಹಲವು ಬಾರಿ ತಲೆಕೆಳಗಾಗಿ ಬಿದ್ದು ಕೊಕ್ಕೆಯ ತುದಿ ಒಳಕ್ಕೆ ಬಾಗಿತ್ತು. ತುದಿ ಮೊದಲು ಮರಕ್ಕೆ ತಾಗುವುದರಿಂದ ಸಿಕ್ಕಿಸಿ ಅಳೆದಾಗ 1001 ತೋರಿಸುತ್ತಿತ್ತು. ಗೆರೆಯಿಂದ ಗೆರೆಗೆ ನೋಡಿದರೆ ಎರಡು ಟೇಪುಗಳೂ 900ಕ್ಕೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿಲ್ಲದೆ ನಿಂತವು.

ಇಷ್ಟು ತಿಳಿದ ಮೇಲೆ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ನಾನು ಅಳತೆ ತೆಗೆದದ್ದು ಹಳೆಯ ಬಾಗಿಲಿಗೆ ಕೊಕ್ಕೆ ಸಿಕ್ಕಿಸಿ. ಬಾಗಿಲಿನ ನಿಜವಾದ ಎತ್ತರ 1203.5 ಮಿ.ಮೀ.; ನನ್ನ ಟೇಪು ಓದಿದ್ದು 1202. ಅದನ್ನು ಆಚಾರ್ಯರಿಗೆ ಚೀಟಿಯಲ್ಲಿ ಬರೆದುಕೊಟ್ಟೆ. ದೇಶದಲ್ಲಿ ಮೆಟ್ರಿಕ್ ಕಾಯ್ದೆ 1956ರಲ್ಲೇ ಬಂದಿದ್ದರೂ ನಮ್ಮ ಬಡಗಿ ಕೊಟ್ಟಿಗೆಗಳಲ್ಲಿ ಇಂದಿಗೂ ನಡೆಯುವುದು ಇಂಚು ಮತ್ತು ನೂಲು, ಇಂಚಿಗೆ 25.4 ಮಿ.ಮೀ., ಇಂಚಿನ ಎಂಟನೆಯ ಒಂದು ಭಾಗ ಒಂದು ನೂಲು, ಅಂದರೆ 3 ಮಿ.ಮೀ.ಗಿಂತ ತುಸು ಹೆಚ್ಚು. ಅವರು 1202ನ್ನು 47 ಇಂಚು ಎರಡೂವರೆ ನೂಲು ಎಂದು ಮಾಡಿಕೊಂಡರು. ಅದು 1201.7ಕ್ಕೆ ಸಮ. ಅಲ್ಲಿ 0.3 ಹೋಯಿತು. ಆಮೇಲೆ ಬಾಗಿದ ಕೊಕ್ಕೆಯನ್ನು ಸಿಕ್ಕಿಸಿ ಗುರುತು ಹಾಕಿದಾಗ ಇನ್ನೊಂದು ಮಿಲಿಮೀಟರ್ ಹೋಯಿತು. 1.5, 0.3 ಮತ್ತು 1 ಕೂಡಿದರೆ 2.8. ಕೊಕ್ಕೆಗಳ ಎರಡು ತಪ್ಪುಗಳಲ್ಲಿ ಒಂದಾದರೂ ಎದುರು ದಿಕ್ಕಿಗೆ ಬಿದ್ದಿದ್ದರೆ ನಮಗೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಮೂರೂ ಬಾಗಿಲನ್ನು ಗಿಡ್ಡ ಮಾಡುವ ಕಡೆಗೇ ಸೇರಿಕೊಂಡವು.

ಕೊಕ್ಕೆಗಳನ್ನು ದುರಸ್ತಿ ಮಾಡುವ ಪ್ರಯತ್ನವೂ ನಡೆಯಿತು. ಆಚಾರ್ಯರ ಟೇಪಿನದು ಸುಲಭವಾಗಿತ್ತು: ಇಕ್ಕಳದಲ್ಲಿ ಕೊಕ್ಕೆಯನ್ನು ಹಿಡಿದು ಸ್ವಲ್ಪಸ್ವಲ್ಪವೇ ಹೊರಕ್ಕೆ ಬಾಗಿಸಿ, ಪ್ರತಿ ಬಾರಿಯೂ ಚೂರಿಗೆರೆಗೆ ಹಿಡಿದು ನೋಡಿ, ನಾಲ್ಕನೆಯ ಸಲಕ್ಕೆ 1000ಕ್ಕೆ ತಂದೆವು. ನನ್ನದರಲ್ಲಿ ಜಾಣತನ ತೋರಿಸಲು ಹೋಗಿ ಕೆಟ್ಟೆ. ರಿವೆಟ್ಟಿನ ತಲೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಡಿಲು ಕಡಿಮೆಯಾದೀತೆಂದು ತಟ್ಟಿದೆ. ಕೊಕ್ಕೆ ಪೂರ್ತಿ ಬಿಗಿದು ಅಲ್ಲಾಡುವುದನ್ನೇ ನಿಲ್ಲಿಸಿತು. ಮೊದಲು ಒಂದು ಬಗೆಯ ಅಳತೆಯಾದರೂ ಸರಿ ಇತ್ತು, ಈಗ ಎರಡೂ ಕೆಟ್ಟವು. ಸವೆದ ತೂತನ್ನು ಮನೆಯಲ್ಲಿ ಸರಿಪಡಿಸುವ ದಾರಿ ಇಲ್ಲ. ಹಾಗೆಂದು ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕುವವರಿಗೆ ಒಂದು ಮಾತು: ಒಳಗಿರುವ ಸುರುಳಿ ಸ್ಪ್ರಿಂಗು ಬಿಗಿದುಕೊಂಡೇ ಇರುತ್ತದೆ, ಮುಚ್ಚಳ ತೆರೆದೊಡನೆ ಅದು ಮುಖದ ಕಡೆಗೇ ಹಾರಬಹುದು.

ಮನೆಯಲ್ಲಿ ಇನ್ನೆರಡು ಟೇಪುಗಳಿದ್ದವು. ಒಂದು ರಸ್ತೆ ಬದಿಯಲ್ಲಿ ಅರುವತ್ತು ರೂಪಾಯಿಗೆ ಕೊಂಡದ್ದು. ಅದರ ಗೆರೆಗಳೇ ತಪ್ಪು, 900 ಇರಬೇಕಾದಲ್ಲಿ 899. ಇನ್ನೊಂದು ಹೆಚ್ಚು ಬಳಕೆಯಾಗದೆ ಪೆಟ್ಟಿಗೆಯಲ್ಲೇ ಉಳಿದಿದ್ದ ಟೇಪು. ಅದರ ಪಟ್ಟಿಯ ಆರಂಭದಲ್ಲಿ ರೋಮನ್ ಅಂಕಿ ಎರಡು ಮುದ್ರಿತವಾಗಿತ್ತು, ಮೂರು ಪರೀಕ್ಷೆಯಲ್ಲೂ ಪಾಸಾಯಿತು. ಆದರೆ ಅದು 8 ಮೀಟರಿನ, 25 ಮಿ.ಮೀ. ಅಗಲದ ಭಾರಿ ಟೇಪು. ಕಿಟಕಿ ಕೆಲಸಕ್ಕೆ ಅದನ್ನು ಹಿಡಿದರೆ ಸೊಳ್ಳೆ ಹೊಡೆಯಲು ಒನಕೆ ಎತ್ತಿದ ಹಾಗೆ.

ಆ ರೋಮನ್ ಅಂಕಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ನಿಂತು ಟೇಪು ಆರಿಸುವಾಗ ಕಣ್ಣಿಗೆ ಕಾಣುವ ಏಕೈಕ ಲಿಖಿತ ಭರವಸೆ ಅದು. ಯುರೋಪಿನ ನಿಯಮದಂತೆ ಟೇಪುಗಳಲ್ಲಿ ಮೂರು ದರ್ಜೆ. ಅನುಮತಿಸಿದ ತಪ್ಪು ಒಂದನೆಯ ದರ್ಜೆಗೆ 1 ಮೀಟರಿನಲ್ಲಿ 0.2 ಮಿ.ಮೀ., 5 ಮೀಟರಿನಲ್ಲಿ 0.6, ಎರಡನೆಯದಕ್ಕೆ ಕ್ರಮವಾಗಿ 0.5 ಮತ್ತು 1.3, ಮೂರನೆಯದಕ್ಕೆ 1.0 ಮತ್ತು 2.6, ಹೆಚ್ಚಿನ ಕಡೆಗೂ ಆಗಬಹುದು, ಕಡಿಮೆಯ ಕಡೆಗೂ ಆಗಬಹುದು. ಅಂಕಿಯ ಪಕ್ಕದಲ್ಲಿ 20 ಡಿಗ್ರಿ ಎಂದೂ ಇರುತ್ತದೆ. ಗೆರೆಗಳು ಸರಿ ಇರುವುದು ಆ ಉಷ್ಣಾಂಶದಲ್ಲಿ ಎಂದು ಅದರ ಅರ್ಥ. ನಮ್ಮೂರಲ್ಲಿ 32 ಡಿಗ್ರಿ ಸಾಮಾನ್ಯವಾದ್ದರಿಂದ ನಾನು ಅದನ್ನೂ ಲೆಕ್ಕ ಹಾಕಿ ನೋಡಿದೆ: ಹನ್ನೆರಡು ಡಿಗ್ರಿ ಹೆಚ್ಚಾದರೆ 1.2 ಮೀಟರ್ ಉಕ್ಕು ಹಿಗ್ಗುವುದು 0.2 ಮಿ.ಮೀ.ಗಿಂತಲೂ ಕಡಿಮೆ. ಸೆಖೆಯನ್ನು ದೂರುವಂತಿಲ್ಲ.

ಮುಂದಿನ ಶನಿವಾರ ಮಂಗಳೂರಿಗೆ ಹೋಗಿ, ಬಂದರಿನ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಹೊಕ್ಕೆ. ಮೊದಲು ನನ್ನದೇ ಆದ 1 ಮೀಟರಿನ ಸ್ಟೇನ್‌ಲೆಸ್ ಉಕ್ಕಿನ ಸ್ಕೇಲನ್ನು ಕೊಂಡು, ಅದನ್ನು ಅಂಗಡಿಯ ಮೇಜಿನ ಮೇಲಿಟ್ಟು, ಒಂದಾದ ಮೇಲೊಂದು ಟೇಪನ್ನು ತರಿಸಿ ಹಿಡಿದು ನೋಡತೊಡಗಿದೆ. ಐದನೆಯ ಟೇಪಿಗೆ ಅಂಗಡಿಯವರ ತಾಳ್ಮೆ ಮುಗಿಯಿತು.

“ಸಾರ್, ಟೇಪು ತಗೊಳ್ಳುದಾ, ಅಲ್ಲ ಜಾತಕ ನೋಡುದಾ?”

ನಡೆದದ್ದನ್ನು ವಿವರಿಸಿದ ಮೇಲೆ ಅವರೇ ಒಳಗಿನಿಂದ ಇನ್ನೆರಡು ಮಾದರಿ ತಂದು ಕೊಟ್ಟರು. ಲೂಧಿಯಾನದ ಫ್ರೀಮನ್ಸ್, ಅಮೆರಿಕದ ಸ್ಟ್ಯಾನ್ಲಿ ಮುಂತಾದ ಹೆಸರುಗಳೆಲ್ಲ ಸಾಲಾಗಿ ನೇತಾಡುತ್ತಿದ್ದವು. ನಾನು ಹೆಸರಿಗಿಂತ ಕೈಯಲ್ಲಿರುವ ತುಂಡನ್ನೇ ನೋಡಿದೆ. ಒಂದೇ ಮಾದರಿಯ ಎರಡು ಟೇಪುಗಳಲ್ಲಿ ಒಂದರ ಕೊಕ್ಕೆ ಸರಿಯಾಗಿ, ಇನ್ನೊಂದರದು ಅರ್ಧ ಮಿಲಿಮೀಟರ್ ಬಿಗಿಯಾಗಿ ಇದ್ದುದನ್ನು ಅಲ್ಲೇ ಕಂಡೆ. ಆನ್‌ಲೈನಿನಲ್ಲಿ ತರಿಸಿಕೊಂಡರೆ ಈ ಆಯ್ಕೆ ಕೈಗೆ ಸಿಗುವುದಿಲ್ಲ ಎಂಬುದೇ ನಾನು ಅಂಗಡಿಗೆ ಹೋದದ್ದಕ್ಕೆ ಕಾರಣ.

ಅಗಲದ ಬಗ್ಗೆ ನನ್ನ ಅಭಿಪ್ರಾಯ ಈ ಕೆಲಸದಿಂದ ಬದಲಾಯಿತು. ಪಟ್ಟಿಯನ್ನು ಅಡ್ಡಕ್ಕೆ ಬಾಗಿಸಿ ದೋಣಿಯಂತೆ ಮಾಡಿದರೆ ಅದು ಗಾಳಿಯಲ್ಲಿ ನೇರವಾಗಿ ನಿಲ್ಲುತ್ತದೆ ಎಂಬ ಉಪಾಯಕ್ಕೆ 1922ರಲ್ಲಿ ಅಮೆರಿಕದ ಹೈರಮ್ ಫರಾಂಡ್ ಪೇಟೆಂಟ್ ಪಡೆದರು. ಅಗಲವೂ ಬಾಗೂ ಹೆಚ್ಚಿದಷ್ಟು ಪಟ್ಟಿ ಇನ್ನೂ ದೂರ ನಿಲ್ಲುತ್ತದೆ. ಒಬ್ಬರೇ ಮಾಡಿನ ಪಕ್ಕಾಸು ಅಳೆಯುವಾಗ ಅದು ನಿಜವಾದ ಉಪಕಾರ. ಆದರೆ ಹಲಗೆಯ ಮೇಲೆ ಇಟ್ಟಾಗ ಅದೇ ಬಾಗು ತೊಂದರೆ ಕೊಡುತ್ತದೆ: ಪಟ್ಟಿಯ ಅಂಚುಗಳು ಮರದಿಂದ ಮೇಲಕ್ಕೆ ಎದ್ದು ನಿಲ್ಲುತ್ತವೆ, ಗೆರೆಗೂ ಮರಕ್ಕೂ ನಡುವೆ ಮೂರು ನಾಲ್ಕು ಮಿಲಿಮೀಟರ್ ಗಾಳಿ ಇರುತ್ತದೆ, ತಲೆ ಅತ್ತಿತ್ತ ಸರಿದರೆ ಓದು ಅರ್ಧ ಮಿಲಿಮೀಟರ್ ಸರಿಯುತ್ತದೆ. ಪಟ್ಟಿಯನ್ನು ಓರೆ ಮಾಡಿ ಒಂದು ಅಂಚನ್ನು ಮರಕ್ಕೆ ತಾಗಿಸಿ ಓದಬೇಕು. ಅಗಲ ಕಡಿಮೆ ಇದ್ದಷ್ಟು ಇದು ಸುಲಭ. ಹಾಗಾಗಿ 3 ಮೀಟರ್ ಉದ್ದ, 16 ಮಿ.ಮೀ. ಅಗಲದ್ದನ್ನೇ ಆರಿಸಿದೆ. ಬಾಗಿಲು, ಕಿಟಕಿ, ಕಪಾಟು ಯಾವುದಕ್ಕೂ ಅದಕ್ಕಿಂತ ಉದ್ದ ಬೇಕಾಗುವುದಿಲ್ಲ.

ಎರಡೂ ಅಂಚುಗಳಲ್ಲಿ ಮಿಲಿಮೀಟರ್ ಇರುವುದನ್ನೇ ಹುಡುಕಿದೆ. ಒಂದು ಅಂಚಿನಲ್ಲಿ ಇಂಚು ಇದ್ದರೆ ಟೇಪನ್ನು ಎಡಗಡೆಯಿಂದ ಹಿಡಿದಾಗ ಒಂದು, ಬಲಗಡೆಯಿಂದ ಹಿಡಿದಾಗ ಇನ್ನೊಂದು ಭಾಷೆಯಲ್ಲಿ ಮಾತಾಡುತ್ತದೆ. ಕೆಲವು ಟೇಪುಗಳಲ್ಲಿ ಪ್ರತಿ 16 ಇಂಚಿಗೆ ಕೆಂಪು ಗುರುತು ಮತ್ತು 19.2 ಇಂಚಿಗೆ ಕಪ್ಪು ವಜ್ರಾಕೃತಿ ಇರುತ್ತದೆ. ಅಮೆರಿಕದ ಮರದ ಮನೆಗಳ ಚೌಕಟ್ಟಿಗೆ ಇಟ್ಟ ಆ ಗುರುತುಗಳಿಂದ ಮುರಕಲ್ಲಿನ ಗೋಡೆಯ ನಮ್ಮೂರಿಗೆ ಗೊಂದಲವಲ್ಲದೆ ಮತ್ತೇನಿಲ್ಲ.

ಬಾಳಿಕೆಯ ಪ್ರಶ್ನೆ ಕರಾವಳಿಯಲ್ಲಿ ತುಕ್ಕಿನ ಪ್ರಶ್ನೆಯೇ. ಬರಿಯ ಬಣ್ಣದ ಪಟ್ಟಿಗಿಂತ ನೈಲಾನ್ ಹೊದಿಕೆಯ ಪಟ್ಟಿ ಹೆಚ್ಚು ತಡೆಯುತ್ತದೆ. ಹೊದಿಕೆ ಮೊದಲು ಸವೆಯುವುದು ಮೊದಲ ಒಂದಡಿಯಲ್ಲಿ, ಏಕೆಂದರೆ ಪ್ರತಿ ಅಳತೆಗೂ ಹೊರಗೆ ಬಂದು ಉಜ್ಜುವ ಭಾಗ ಅದೇ. ತುಕ್ಕು ಹಿಡಿಯಲು ತೊಡಗುವುದು ರಿವೆಟ್ಟಿನ ತೂತಿನ ಸುತ್ತ, ಏಕೆಂದರೆ ಅಲ್ಲಿ ಕತ್ತರಿಸಿದ ಉಕ್ಕು ಬಯಲಾಗಿರುತ್ತದೆ. ಕೊಕ್ಕೆಗೆ ಎರಡರ ಬದಲು ಮೂರು ರಿವೆಟ್ಟು ಇದ್ದರೆ ಒಳ್ಳೆಯದು. ಪಟ್ಟಿ ಹೊಳೆಯದೆ ಮಾಸಲಾಗಿದ್ದರೆ ಶೆಡ್ಡಿನ ಟ್ಯೂಬ್‌ಲೈಟಿನ ಕೆಳಗೆ ಗೆರೆ ಚೆನ್ನಾಗಿ ಕಾಣುತ್ತದೆ. ಪೆಟ್ಟಿಗೆಯ ಮೇಲಿನ ರಬ್ಬರಿಗೆ ನಾನು ಹೆಚ್ಚು ಬೆಲೆ ಕೊಡಲಿಲ್ಲ. ಬಿದ್ದಾಗ ಪೆಟ್ಟು ತಿನ್ನುವುದು ಕೊಕ್ಕೆ, ಪೆಟ್ಟಿಗೆಯಲ್ಲ.

ಒಂದನೆಯ ದರ್ಜೆಯದು ಅಂಗಡಿಯಲ್ಲಿ ಇರಲಿಲ್ಲ. ಎರಡನೆಯ ದರ್ಜೆಯ, ಮೂರು ಪರೀಕ್ಷೆಯಲ್ಲೂ ಒಂದೇ ರೀತಿ ಓದಿದ, ಒಂದೇ ಮಾದರಿಯ ಎರಡು ಟೇಪುಗಳನ್ನು ಕೊಂಡೆ: ಒಂದು ನನಗೆ, ಒಂದು ಆಚಾರ್ಯರ ಶೆಡ್ಡಿಗೆ. ಚೂರಿಗೆರೆಯ ಹಲಗೆಯನ್ನೂ ಅವರ ಶೆಡ್ಡಿನ ಗೋಡೆಗೆ ಹೊಡೆದು ಬಂದೆ. ಟೇಪು ಕೆಳಗೆ ಬಿದ್ದಾಗಲೆಲ್ಲ ಅದಕ್ಕೊಮ್ಮೆ ಹಿಡಿದು ನೋಡುವುದೆಂದು ಒಪ್ಪಂದ.

ಗಿಡ್ಡವಾದ ಜೋಡಿಯನ್ನು ಎಸೆಯಲಿಲ್ಲ. ಪಟ್ಟಿಗಳ ತುದಿಗೆ ಮರದ ಚೂರು ಅಂಟಿಸಿದರೆ ಅಂಟು ನಿಲ್ಲುವುದಿಲ್ಲವಾದ್ದರಿಂದ ದಾರಂದದ ಕೆಳಗಿನ ಮೆಟ್ಟಿಲಿಗೆ ಮೂರು ಮಿಲಿಮೀಟರ್ ದಪ್ಪದ ಹಲಸಿನ ರೀಪು ಅಂಟಿಸಿ ಸ್ಕ್ರೂ ಬಿಗಿದೆವು. ಬಣ್ಣ ಬಿದ್ದ ಮೇಲೆ ಗೊತ್ತಾಗುವುದಿಲ್ಲ. ನನಗೆ ಮಾತ್ರ ಪ್ರತಿ ದಿನ ಕಾಣುತ್ತದೆ.

ಉಳಿದ ನಾಲ್ಕಕ್ಕೆ ದಾರಂದದ ಒಳ ಎತ್ತರ ಬೇಕಿತ್ತು. ಟೇಪನ್ನು ಮೂಲೆಗೆ ಒತ್ತಿ, ಪೆಟ್ಟಿಗೆಯ ಉದ್ದವನ್ನು ಕೂಡಿಸಿ ಓದುವ ವಿಧಾನವನ್ನು ನಾನು ಈಗ ಬಿಟ್ಟಿದ್ದೇನೆ. ಆಚಾರ್ಯರ ತಂದೆಯವರು ಮಾಡುತ್ತಿದ್ದಂತೆ ಎರಡು ರೀಪುಗಳನ್ನು ಒಂದರ ಮೇಲೊಂದು ಸರಿಸಿ, ಮೇಲೊಂದು ಕೆಳಗೊಂದು ತುದಿ ತಾಗಿಸಿ, ಅಡ್ಡಲಾಗಿ ಒಂದು ಗೆರೆ ಎಳೆದು, ಹಾಗೆಯೇ ಬಿಗಿದು ಶೆಡ್ಡಿಗೆ ಒಯ್ದೆವು. ಅಂಕಿಯನ್ನೇ ಬರೆದುಕೊಳ್ಳಲಿಲ್ಲ, ಟೇಪು ಬಳಕೆಯಾದದ್ದು ಹಲಗೆಯನ್ನು ಒರಟಾಗಿ ತುಂಡರಿಸಲು ಮತ್ತು ಅಗಲ ಹಂಚಲು. ಒಮ್ಮೆ ನಾನು ಕೊಕ್ಕೆಯನ್ನು ನಂಬದೆ 100ರ ಗೆರೆಯಿಂದ ಅಳೆದು, ಆ 100ನ್ನು ಕಳೆಯಲು ಮರೆತು, ಒಂದು ಅಡ್ಡಪಟ್ಟಿಯನ್ನು ಹತ್ತು ಸೆಂಟಿಮೀಟರ್ ಗಿಡ್ಡ ಮಾಡಿದೆ. “ಇದಕ್ಕೆ ಟೇಪನ್ನು ಬಯ್ಯುದು ಬೇಡ ಮಾಷ್ಟ್ರೇ,” ಎಂದರು ಆಚಾರ್ಯರು.

ಮಳೆಗಾಲ ಕಳೆದು ಈಗ ನಾಲ್ಕು ತಿಂಗಳು. ನನ್ನ ಟೇಪಿನ ಪಟ್ಟಿಯನ್ನು ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಮೇಣದ ಬತ್ತಿಯನ್ನು ಮೊದಲ ಒಂದು ಮೀಟರಿಗೆ ತೆಳುವಾಗಿ ಉಜ್ಜುತ್ತಿದ್ದೇನೆ. ರಿವೆಟ್ಟಿನ ಬಳಿಯೂ ತುಕ್ಕಿಲ್ಲ. ಆಚಾರ್ಯರು ತಮ್ಮದಕ್ಕೆ ತೆಂಗಿನೆಣ್ಣೆ ಸವರಿದ್ದರು. ತುಕ್ಕು ಹಿಡಿಯಲಿಲ್ಲ, ಆದರೆ ಎಣ್ಣೆಗೆ ಗರಗಸದ ಹುಡಿ ಅಂಟಿ ಕಪ್ಪು ಮೇಣದಂತಾಗಿ ಪಟ್ಟಿ ಅರ್ಧದಲ್ಲೇ ನಿಲ್ಲುತ್ತಿತ್ತು. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ಸರಿಮಾಡಿದೆ. ಪಟ್ಟಿಯನ್ನು ಹಾರಿಸಿ ಬಿಡುವ ನನ್ನ ಚಟ ಇನ್ನೂ ಪೂರ್ತಿ ಹೋಗಿಲ್ಲ. ಕೊಕ್ಕೆ ಬಾಯಿಗೆ ಬರುವ ಒಂದಡಿ ಮೊದಲು ಬೆರಳನ್ನು ಅಡ್ಡ ಇಡುವುದು ರೂಢಿಯಾಗುತ್ತಿದೆ. ಕಳೆದ ಭಾನುವಾರ ಎರಡೂ ಟೇಪುಗಳನ್ನು ಮತ್ತೆ ಚೂರಿಗೆರೆಗೆ ಹಿಡಿದಾಗ ಸಿಕ್ಕಿಸಿದರೂ ಒತ್ತಿದರೂ 1000 ಬಂತು. ಮೂರನೆಯ ಕಿಟಕಿಯ ಎಡಬಾಗಿಲು ಬಣ್ಣದ ದಪ್ಪಕ್ಕೆ ತುಸು ಉಜ್ಜುತ್ತಿದೆ. ಮುಂದಿನ ವಾರ ಅದನ್ನು ಕೀಸುಳಿಯಿಂದ ಒಂದು ಸಿಪ್ಪೆಯಷ್ಟು ತೆಗೆಯಬೇಕು.